ಅಜ್ಜನ ಪಾಲಿನ ತಿಮೊರಾಸ್ಸೊ

ನನ್ನ ಅಮ್ಮ ಲೋಲಾಕ್ಷಿಗೆ ಏನಾದರೂ ಕಳೆದುಹೋದರೆ ಸುಮ್ಮನೆ ಹುಡುಕುವ ಅಭ್ಯಾಸ ಇಲ್ಲ. ಮೊದಲು ನಮ್ಮ ಕಡೆಯ ದೈವ ಕೊರಗಜ್ಜನಿಗೆ ಹೇಳುತ್ತಾಳೆ, ಆಮೇಲೆ ಹುಡುಕುತ್ತಾಳೆ. ಸಿಕ್ಕಿದರೆ ಅಜ್ಜನಿಗೆ ಚಕ್ಕುಲಿ, ಬೀಡ, ಸ್ವಲ್ಪ ಕುಡಿಯುವುದು. ಬಂಟ್ವಾಳದಲ್ಲಿ ಇದರಿಂದ ಯಾರಿಗೂ ತೊಂದರೆ ಇರಲಿಲ್ಲ. ಅಲ್ಲಿ ಅಜ್ಜನ ಕಟ್ಟೆಯೂ ಹತ್ತಿರ, ಕಳ್ಳೂ ಹತ್ತಿರ. ಇಲ್ಲಿ ಮಸ್ಕತ್ತಿನ ಹಮ್ರಿಯಾದಲ್ಲಿ, ನನ್ನ ಎರಡು ಕೋಣೆಯ ಫ್ಲ್ಯಾಟಿನಲ್ಲಿ, ವಿಸಿಟ್ ವೀಸಾದಲ್ಲಿ ಬಂದ ಅಮ್ಮ ದಿನಾ ಒಂದೊಂದು ಕಳೆದುಕೊಳ್ಳುತ್ತ ಕೂತರೆ ನಾನು ಏನು ಮಾಡಬೇಕು ಹೇಳಿ. ಕನ್ನಡಕಕ್ಕೆ ಚಕ್ಕುಲಿ, ಫೋನಿಗೆ ಚಕ್ಕುಲಿ, ಫೋನಿನ ಚಾರ್ಜರಿಗೆ ಬೇರೆಯೇ ಚಕ್ಕುಲಿ. ಹಮ್ರಿಯಾದ ಬೇಕರಿಯವನು ನಮ್ಮ ಮನೆಯಲ್ಲಿ ದಿನಾ ನೆಂಟರಿದ್ದಾರೆ ಎಂದುಕೊಂಡಿದ್ದಾನೆ.

ಕುಡಿಯುವುದರ ವಿಷಯದಲ್ಲಿ ಮಾತ್ರ ಅಮ್ಮ ಅಜ್ಜನ ಹತ್ತಿರ ಸಮಯ ಕೇಳಿದ್ದಳು. "ಅರಬರ ಊರು ಅಜ್ಜಾ, ಇಲ್ಲಿ ಕಳ್ಳು ಸಿಗುವುದಿಲ್ಲ, ಹೋದ ಮೇಲೆ ಒಟ್ಟಿಗೆ ಕೊಡ್ತೇನೆ" ಎಂದು ದಿನಾ ಅಡುಗೆಮನೆಯ ಕಿಟಕಿಗೆ ಕೈ ಮುಗಿಯುತ್ತಿದ್ದಳು. ಹಾಗೆಯೇ ಇದ್ದಿದ್ದರೆ ಆಗುತ್ತಿತ್ತು. ನನ್ನ ಗ್ರಹಚಾರಕ್ಕೆ ನಾನು ಮನೆಗೆ ಒಂದು ಕುಪ್ಪಿ ವೈನ್ ತಂದಿಟ್ಟೆ.

ಆ ಕುಪ್ಪಿಯ ಕಥೆ ಮೊದಲು ಹೇಳಬೇಕು. ನಾನು ಅಕ್ಷಯ್. ಖುರುಮ್‌ನ ಒಂದು ಹೋಟೆಲಿನ ಇಟಾಲಿಯನ್ ರೆಸ್ಟೋರೆಂಟಿನಲ್ಲಿ ಹದಿನಾಲ್ಕು ವರ್ಷದಿಂದ ವೇಟರ್. ನಮ್ಮ ವೈನ್ ಇಡುವ ಕೋಣೆ, ಅಂದರೆ ಸೆಲ್ಲರ್, ನೋಡಿಕೊಳ್ಳುತ್ತಿದ್ದ ಶ್ರೀಲಂಕಾದವರು ಕೆಲಸ ಬಿಟ್ಟು ಊರಿಗೆ ಹೊರಟಿದ್ದರು. ಅವರ ಜಾಗಕ್ಕೆ ಇಬ್ಬರ ಹೆಸರಿತ್ತು. ಒಂದು ನನ್ನದು. ಇನ್ನೊಂದು ದಿಲ್ಲಿಯ ಒಬ್ಬ ಹುಡುಗನದ್ದು, ಬಂದು ಎರಡು ವರ್ಷ ಆಗಿಲ್ಲ, ಕೈಯಲ್ಲಿ ಡಿಪ್ಲೊಮಾ ಉಂಟು, ಮಾತು ನಲ್ಲಿ ನೀರಿನ ಹಾಗೆ. ಆ ಕೆಲಸ ಸಿಗದಿದ್ದವನು ಬ್ಯಾಂಕ್ವೆಟ್ ಹಾಲಿಗೆ ಎಂದು ಮೊದಲೇ ತೀರ್ಮಾನವಾಗಿತ್ತು. ಅಂದರೆ ಮದುವೆಗಳಲ್ಲಿ ಬಿರಿಯಾನಿಯ ಹಂಡೆ ಹೊರುವುದು. ನನ್ನ ಮೊಣಕಾಲು ಈಗಲೇ ಮೆಟ್ಟಿಲು ಹತ್ತುವಾಗ ಕಟಕಟ ಅನ್ನುತ್ತದೆ. ಆ ಸೆಲ್ಲರಿನ ಬೀಗದ ಕೈ ನನಗೆ ಬೇಕಿತ್ತು. ಅಷ್ಟು ಬೇಕು ಎಂದು ನಾನು ಬೇರೆ ಯಾವುದನ್ನೂ ಆಸೆಪಟ್ಟವನಲ್ಲ.

ನಿರ್ಧಾರ ಮಾಡುವವರು ನಮ್ಮ ಮ್ಯಾನೇಜರ್ ವನೆಸ್ಸಾ ಮೇಡಂ. ಕಿನ್ನಿಗೋಳಿಯವರು, ಆದರೆ ಹೋಟೆಲಿನಲ್ಲಿ ಇಂಗ್ಲಿಷ್ ಬಿಟ್ಟು ಒಂದಕ್ಷರ ಆಡುವುದಿಲ್ಲ. ಅವರು ಹಾಕಿದ ಪರೀಕ್ಷೆ ಇಷ್ಟು: ಇಟಲಿಯ ಯಾವುದಾದರೂ ಹೆಚ್ಚು ಹೆಸರಿಲ್ಲದ ಸೀಮೆಯ ಒಂದು ವೈನ್ ಹುಡುಕಿ ತರಬೇಕು, ನಮ್ಮ ಮೆನುವಿನಲ್ಲಿ ಅದು ಇರಬಾರದು, ಅವರಿಗೂ ಇಟಾಲಿಯನ್ ಶೆಫ್‌ಗೂ ಅದನ್ನು ಬಡಿಸಿ ಹತ್ತು ನಿಮಿಷ ಮಾತಾಡಬೇಕು.

ನಾನು ಓದಲು ಕೂತೆ. ಇಟಲಿಯ ಪಿಯೆಮಾಂಟೆ ಸೀಮೆ ಅಂದರೆ ಎಲ್ಲರೂ ಅಲ್ಲಿಯ ಕೆಂಪು ವೈನ್ ಬರೋಲೋ ಬರೋಲೋ ಅನ್ನುತ್ತಾರೆ. ಅದೇ ಸೀಮೆಯ ಒಂದು ಮೂಲೆಯಲ್ಲಿ ತೊರ್ತೋನಾ ಎಂಬ ಊರು, ಅದರ ಸುತ್ತ ಗುಡ್ಡೆಗಳು. ಅಲ್ಲಿ ತಿಮೊರಾಸ್ಸೊ ಎಂಬ ಬಿಳಿ ದ್ರಾಕ್ಷಿ. ಬೆಳೆಯುವುದು ಕಿರಿಕಿರಿ, ಫಸಲು ಕಡಿಮೆ. ಅದಕ್ಕೆ ಜನ ಬಳ್ಳಿ ಕಿತ್ತು ಸುಲಭದ ದ್ರಾಕ್ಷಿ ಹಾಕಿದ್ದರು. ತಳಿ ಹೆಚ್ಚುಕಡಿಮೆ ಮುಗಿದೇ ಹೋಗುವ ಹೊತ್ತಿಗೆ ಹಟಮಾರಿ ರೈತರು ಕೆಲವರು ಅದನ್ನು ಉಳಿಸಿಕೊಂಡರಂತೆ. ಓದಿದ ಕೂಡಲೇ ನನಗೆ ಇದೇ ಎಂದಾಯಿತು. ಮಸ್ಕತ್ತಿನ ಲೈಸೆನ್ಸ್ ಇರುವ ಅಂಗಡಿಗಳಿಗೆಲ್ಲ ಫೋನ್ ಮಾಡಿದೆ. ಒಂದೇ ಒಂದು ಅಂಗಡಿಯಲ್ಲಿ ಒಂದೇ ಒಂದು ಕುಪ್ಪಿ, ಧೂಳು ತಿನ್ನುತ್ತ ಕೂತಿತ್ತು. ನನ್ನ ಪರ್ಮಿಟ್ಟಿನ ಮೇಲೆ ತಂದೆ. ಹೋಟೆಲಿಗೆ ತರಲು ಮೇಡಂ ಒಪ್ಪಿದ್ದರು.

ಈಗ ನೀವು ಕೇಳಬಹುದು, ಅದರ ರುಚಿ ನಿನಗೆ ಗೊತ್ತಿತ್ತಾ ಎಂದು. ಎಲ್ಲಿಂದ ಗೊತ್ತಿರಬೇಕು? ಇದ್ದದ್ದು ಒಂದು ಕುಪ್ಪಿ. ಬಿರಡೆ ತೆಗೆದರೆ ಮತ್ತೆ ಹಾಕಲಾಗುತ್ತದಾ? ವೆಬ್‌ಸೈಟಿನಲ್ಲಿ ಬರೆದದ್ದನ್ನು ಬಾಯಿಪಾಠ ಮಾಡಿದೆ. ಬಿಳಿ ಹೂವು, ಪೇರ್ ಹಣ್ಣು, ನಿಂಬೆ ಸಿಪ್ಪೆ. ಬಡಿಸುವವನು ಮೊದಲು ಒಂದು ಗುಟುಕು ಕುಡಿದು ನೋಡುವ ಕ್ರಮ ಇದ್ದೇ ಇದೆ, ಆಗ ನನಗೂ ರುಚಿ ಸಿಗುತ್ತದೆ, ಅಲ್ಲೇ ಸುಧಾರಿಸಿಕೊಳ್ಳುತ್ತೇನೆ ಎಂದು ಲೆಕ್ಕ ಹಾಕಿದ್ದೆ.

ವಾರವಿಡೀ ಅಮ್ಮನನ್ನು ಸೋಫಾದಲ್ಲಿ ಕೂರಿಸಿ ಅಭ್ಯಾಸ ಮಾಡಿದೆ. ಅವಳು ಪೂರ್ತಿ ಕೇಳಿ ಒಂದೇ ಪ್ರಶ್ನೆ ಕೇಳಿದಳು.

"ಆ ಗುಡ್ಡೆಯವರು ಮೊದಲು ಯಾರಿಗೆ ಇಡುವುದು?"

"ಯಾರಿಗೂ ಇಡುವುದಿಲ್ಲ ಅಮ್ಮ. ಮಾಡ್ತಾರೆ, ಕುಡೀತಾರೆ, ಮಾರ್ತಾರೆ."

"ಯಾರಿಗೂ ಇಡದೆಯಾ? ಛೆ. ಮತ್ತೆ ಬಳ್ಳಿ ಸಾಯದೆ ಇರ್ತದಾ?"

ನಾನು ಹಣೆ ಚಚ್ಚಿಕೊಂಡೆ. ಇಟಲಿಯ ದ್ರಾಕ್ಷಿ ಯಾಕೆ ಅಳಿಯಿತು ಎಂಬುದಕ್ಕೆ ಅಮ್ಮನ ಹತ್ತಿರ ಉತ್ತರ ಇತ್ತು.

ಆ ಶನಿವಾರ ಸಂಜೆ ಆರಕ್ಕೆ ಪರೀಕ್ಷೆ. ಮಧ್ಯಾಹ್ನ ಊಟ ಮುಗಿಸಿ ಎಲ್ಲ ಜೋಡಿಸಲು ಹೊರಟರೆ ನನ್ನ ಸ್ಕ್ರೂ ಇಲ್ಲ. ಬಿರಡೆ ತೆಗೆಯುವ ಸ್ಕ್ರೂ, ಆ ಶ್ರೀಲಂಕಾದವರೇ ಕೊಟ್ಟದ್ದು, ಹಿಡಿಯ ಮೇಲೆ ನನ್ನ ಹೆಸರು ಕೊರೆಸಿದ್ದರು. ಎಲ್ಲ ಕಡೆ ಹುಡುಕಿದೆ. ಅಮ್ಮ ಬಂದಮೇಲೆ ನನ್ನ ಮನೆಯಲ್ಲಿ ಯಾವುದೂ ಇಟ್ಟ ಜಾಗದಲ್ಲಿ ಇರುವುದಿಲ್ಲ. ಉಪ್ಪು ಇರಬೇಕಾದಲ್ಲಿ ಸಾಬೂನು, ಸಾಕ್ಸ್ ಇರಬೇಕಾದಲ್ಲಿ ಒಣಮೆಣಸು.

"ಎಲ್ಲಿ ಹಾಕಿದ್ದೀ ಅಮ್ಮ?" ಎಂದೆ.

"ನಾನು ಮುಟ್ಟಲೇ ಇಲ್ಲ ಮಗಾ."

"ಮುಟ್ಟಲಿಲ್ಲ! ನೀನು ಮುಟ್ಟದ ವಸ್ತು ಈ ಮನೆಯಲ್ಲಿ ಯಾವುದುಂಟು? ಒಂದು ದಿನ, ಒಂದೇ ಒಂದು ದಿನ ನನ್ನ ಸಾಮಾನು ಹಾಗೇ ಬಿಡಲಿಕ್ಕೆ ಆಗುದಿಲ್ವಾ ನಿನಗೆ?"

"ಬೊಬ್ಬೆ ಹೊಡೆಯಬೇಡ. ಪಕ್ಕದವರು ಕೇಳ್ತಾರೆ."

"ಕೇಳಲಿ!"

ಮಂಡೆ ಬಿಸಿಯಾಗಿತ್ತು. ಇನ್ನೂ ನಿಂತರೆ ಏನಾದರೂ ಹೇಳಬಾರದ್ದು ಹೇಳುತ್ತೇನೆ ಎಂದು ಬಾಗಿಲು ಧಡ್ ಎಂದು ಹಾಕಿ ಕೆಳಗೆ ಇಳಿದೆ. ಹೇಗೂ ಕೂದಲು ತೆಗೆಸಬೇಕಿತ್ತು. ಸಲೂನಿನಲ್ಲಿ ನನ್ನ ಮುಂದೆ ಮೂವರಿದ್ದರು. ಅಲ್ಲಿ ಕೂತು, ಹೋಟೆಲಿನಲ್ಲಿ ಯಾರದ್ದಾದರೂ ಸ್ಕ್ರೂ ಕೇಳಿ ಪಡೆದರಾಯಿತು ಎಂದು ಸಮಾಧಾನ ಮಾಡಿಕೊಂಡೆ.

ತಿರುಗಿ ಬಂದು ಬಾಗಿಲು ತೆಗೆದರೆ ಮನೆಯೊಳಗೆ ಕತ್ತಲು. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಕರ್ಟನ್ ಎಳೆದು ಅದರ ಮೇಲೆ ನನ್ನ ಕಂಬಳಿ ಬೇರೆ ಹೊದೆಸಿದ್ದಾರೆ. ಕರೆಂಟ್ ಹೋಗಿದೆಯಾ ಎಂದು ಸ್ವಿಚ್ಚಿಗೆ ಕೈ ಹಾಕಿದೆ.

"ಲೈಟ್ ಹಾಕಬೇಡ!" ಎಂದು ಎರಡು ಧ್ವನಿ ಒಟ್ಟಿಗೆ ಬಂತು. ಒಂದು ಅಮ್ಮನದ್ದು. ಇನ್ನೊಂದು ಕೊಗ್ಗ ಮಾವನದ್ದು.

ಕೊಗ್ಗ ಮಾವ ಅಮ್ಮನ ಅಣ್ಣ. ಇದೇ ಕಟ್ಟಡದ ಕೆಳಗಿನ ಮಹಡಿಯಲ್ಲಿರುತ್ತಾರೆ, ರೂವಿಯಲ್ಲಿ ಎಸಿ ಸ್ಪೇರ್‌ಪಾರ್ಟ್ಸ್ ಅಂಗಡಿಯ ಕೆಲಸ. ಎಲ್ಲಿ ಬಿರಡೆ ತೆಗೆದರೂ ಅವರಿಗೆ ಅದು ಹೇಗೋ ಗೊತ್ತಾಗುತ್ತದೆ.

ಕಣ್ಣು ಕತ್ತಲೆಗೆ ಹೊಂದಿಕೊಂಡಿತು. ನೆಲದಲ್ಲಿ ಬಾಳೆಲೆ. ಅದರ ಮೇಲೆ ಚಕ್ಕುಲಿ, ಬೀಡ. ಪಕ್ಕದಲ್ಲಿ ಒಂದು ಸ್ಟೀಲ್ ಲೋಟ. ಲೋಟದ ಪಕ್ಕದಲ್ಲಿ ನನ್ನ ತಿಮೊರಾಸ್ಸೊ.

"ಸ್ಕ್ರೂ ಸಿಕ್ಕಿತು ಮಗಾ!" ಅಮ್ಮನ ಮುಖ ಆ ಕತ್ತಲೆಯಲ್ಲೂ ಹೊಳೆಯುತ್ತಿತ್ತು. "ನೀನು ಹೋದ ಕೂಡಲೇ ಅಜ್ಜನಿಗೆ ಹೇಳಿದೆ. ಹೇಳಿ ಬಾಯಿ ಮುಚ್ಚಲಿಲ್ಲ, ಸಿಕ್ಕಿತು. ನಿನ್ನ ಕೋಟಿನ ಒಳಗಿನ ಕಿಸೆಯಲ್ಲಿತ್ತು."

ಕೋಟಿನ ಒಳಗಿನ ಕಿಸೆಗೆ ಅದನ್ನು ಹಾಕಿದವನು ನಾನೇ. ಮರೆಯಬಾರದು ಎಂದು ಹಿಂದಿನ ದಿನವೇ ಹಾಕಿಟ್ಟಿದ್ದೆ.

"ಅಜ್ಜನದ್ದು ಬಾಕಿ ಇಡಬಾರದು," ಅಮ್ಮ ಮುಂದುವರಿಸಿದಳು. "ಇದುವರೆಗೆ ಕಳ್ಳು ಇಲ್ಲ ಅಂತ ನೆವ ಹೇಳಿದೆ. ಈಗ ಮನೆಯಲ್ಲೇ ಕುಪ್ಪಿ ಇರುವಾಗ ಇಲ್ಲ ಅಂದರೆ ಅಜ್ಜನಿಗೆ ಕಾಣುದಿಲ್ವಾ? ಹೆಂಗಸರು ಇಡುವುದು ಸರಿಯಲ್ಲ ಅಂತ ಅಣ್ಣನನ್ನು ಕರೆದೆ."

"ಹೊತ್ತು ಕಂತಿದ ಮೇಲೆ, ಬೆಳಕಿಲ್ಲದೆ ಕೊಡುವ ಕ್ರಮ," ಎಂದರು ಮಾವ ತಿಳಿದವರ ಹಾಗೆ. "ಆದರೆ ನಿನಗೆ ಆರು ಗಂಟೆಗೆ ಹೋಗ್ಲಿಕ್ಕುಂಟಲ್ಲ ಅಳಿಯ. ಅಷ್ಟರೊಳಗೆ ಮುಗಿಸುವ ಅಂತ ಕರ್ಟನ್ ಎಳೆದು ಕತ್ತಲು ಮಾಡಿದ್ದು."

"ಬಿರಡೆ ಹೇಗೆ ತೆಗೆದಿರಿ?" ಎಂದೆ.

"ಅದೇ ಸ್ಕ್ರೂವಿನಲ್ಲಿ. ಎಂತ ಗಟ್ಟಿ ಮಾರಾಯ! ಅರ್ಧ ಪುಡಿಯಾಗಿ ಒಳಗೆ ಬಿತ್ತು. ಚಹಾದ ಜರಡಿಯಲ್ಲಿ ಸೋಸಿದೆವು."

ಚಹಾದ ಜರಡಿ! ಎಂತಹ ಕರ್ಮ ನನ್ನದು ಎಂದು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಕುಪ್ಪಿ ಎತ್ತಿ ಕಿಟಕಿಯ ಸಂದಿನ ಬೆಳಕಿಗೆ ಹಿಡಿದೆ. ಕಾಲು ಭಾಗ ಉಳಿದಿತ್ತು.

"ಉಳಿದದ್ದು ಎಲ್ಲಿ ಹೋಯಿತು?"

ಮಾವ ಗಂಟಲು ಸರಿ ಮಾಡಿಕೊಂಡರು. "ಅಜ್ಜನಿಗೆ ಇಟ್ಟದ್ದು ಪ್ರಸಾದ ಅಲ್ವಾ. ಚೆಲ್ಲಲಿಕ್ಕೆ ಉಂಟಾ? ಎರಡು ಗ್ಲಾಸ್ ತಗೊಂಡೆ. ಒಂದು ಮಾತು ಹೇಳ್ತೇನೆ ಬೇಜಾರು ಮಾಡಬೇಡ, ಇದು ಏರುವುದೇ ಇಲ್ಲ. ನಿನಗೆ ಯಾರೋ ಟೋಪಿ ಹಾಕಿದ್ದಾರೆ."

"ರುಚಿ ಹೇಗಿತ್ತು? ಅದನ್ನಾದರೂ ಹೇಳಿ!"

"ರುಚಿಯಾ? ನಾನು ರುಚಿಗೆ ಕುಡಿಯುವವನಲ್ಲ."

ಅಮ್ಮನೂ ಬೆರಳು ಅದ್ದಿ ತೀರ್ಥದ ಹಾಗೆ ತೆಗೆದುಕೊಂಡಿದ್ದಳಂತೆ. ಅವಳ ಕಡೆ ತಿರುಗಿದೆ. "ಪ್ರಸಾದದ ರುಚಿ ಹೇಳಬಾರದು," ಎಂದು ಬಾಯಿ ಗಟ್ಟಿ ಮುಚ್ಚಿದಳು. "ಬಾ, ನೀನೂ ತಗೋ. ಅಜ್ಜನದ್ದು ತಗೊಂಡು ಹೋದರೆ ಎಲ್ಲ ಸರಿಯಾಗ್ತದೆ."

"ನನಗೆ ಬೇಡ ನಿನ್ನ ಪ್ರಸಾದ!" ಎಂದು ಕಿರುಚಿದೆ. "ನನ್ನ ಕೆಲಸ ತಿಂದಿರಿ ನೀವಿಬ್ಬರೂ ಸೇರಿ. ಇನ್ನು ಮದುವೆ ಮನೆಯಲ್ಲಿ ಬಿರಿಯಾನಿ ಹೊರುತ್ತೇನೆ, ಬಂದು ನೋಡಿ."

ಕುಪ್ಪಿಯ ಬಾಯಿಗೆ ಪ್ಲಾಸ್ಟಿಕ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದೆ. ಐಸ್ ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸಿ, ಕಾರಿನ ಡಿಕ್ಕಿಯಲ್ಲಿಟ್ಟು ಹೊರಟೆ. ದಾರಿಯಿಡೀ ಒಬ್ಬನೇ ಬೈಯುತ್ತಿದ್ದೆ. ಅಮ್ಮನಿಗೆ, ಮಾವನಿಗೆ, ಸಿಗ್ನಲ್ಲಿನಲ್ಲಿ ಹಾರ್ನ್ ಹೊಡೆದವನಿಗೆ. ಅಜ್ಜನಿಗೆ ಮಾತ್ರ ಬೈಯಲಿಲ್ಲ, ಅಷ್ಟು ಧೈರ್ಯ ನನಗಿಲ್ಲ.

ವನೆಸ್ಸಾ ಮೇಡಂ ಮತ್ತು ಶೆಫ್ ಮೂಲೆಯ ಟೇಬಲ್ಲಿನಲ್ಲಿ ಕೂತಿದ್ದರು. ದಿಲ್ಲಿಯ ಹುಡುಗ ಆಗಷ್ಟೇ ಮುಗಿಸಿ ನಗುತ್ತ ಎದ್ದು ಹೋದ. ನಾನು ಕುಪ್ಪಿ ಮೇಜಿನ ಮೇಲಿಟ್ಟೆ. ರಬ್ಬರ್ ಬ್ಯಾಂಡ್ ನೋಡಿ ಮೇಡಂ ಹುಬ್ಬು ಏರಿಸಿದರು.

"ಇದು ಏನು ಅಕ್ಷಯ್?" ಎಂದರು ಇಂಗ್ಲಿಷಿನಲ್ಲಿ.

ಸುಳ್ಳು ಹೇಳೋಣ ಅಂದರೆ ಒಂದೂ ಹೊಳೆಯಲಿಲ್ಲ. "ಮೇಡಂ, ನನ್ನ ಸ್ಕ್ರೂ ಕಳೆದಿತ್ತು. ಅಮ್ಮ ಅಜ್ಜನಿಗೆ ಹೇಳಿಕೊಂಡರು. ಸಿಕ್ಕಿತು. ಹಾಗೆ ಇದನ್ನು ಇಟ್ಟುಬಿಟ್ಟರು."

ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಮೇಡಂ ಬಾಯಿಂದ ಕನ್ನಡ ಬಂತು. "ಯಾವ ಅಜ್ಜ? ಕೊರಗಜ್ಜನಿಗಾ?"

"ಹೌದು ಮೇಡಂ."

ಶೆಫ್ ಏನಾಯಿತು ಎಂದು ಕೇಳಿದ. ನಮ್ಮ ಕಡೆಯ ಒಬ್ಬ ಹಿರಿಯರಿದ್ದಾರೆ, ಅವರಿಗೆ ಮೊದಲು ಬಡಿಸುವ ಪದ್ಧತಿ ಎಂದು ಮೇಡಂ ಹೇಳಿದರು. ಶೆಫ್ ಅದರಲ್ಲಿ ವಿಶೇಷವೇನೂ ಕಾಣದವನ ಹಾಗೆ ತಲೆಯಾಡಿಸಿ ಗ್ಲಾಸು ಮುಂದಕ್ಕೆ ತಳ್ಳಿದ.

ಬಡಿಸಿದೆ. ಎರಡು ಗ್ಲಾಸಿಗೆ ಸರಿಯಾಯಿತು. ಬಡಿಸುವವನು ಮೊದಲು ಕುಡಿದು ನೋಡಬೇಕು ಎಂದು ಗೊತ್ತಿತ್ತು. ಆದರೆ ಅಷ್ಟು ವರ್ಷ ಗಿರಾಕಿಗೆ ಕಡಿಮೆಯಾಗಬಾರದು ಎಂದೇ ಬಗ್ಗಿ ಬಗ್ಗಿ ಬಡಿಸಿದ ಕೈ, ಅವರ ಗ್ಲಾಸಿಗೇ ಕೊನೆಯ ಹನಿಯವರೆಗೆ ಸುರಿದುಬಿಟ್ಟಿತು. ಖಲಾಸ್. ಆಮೇಲೆ ಬಾಯಿಪಾಠ ಶುರು ಮಾಡಿದೆ. ಗುಡ್ಡೆ, ಮಣ್ಣು, ಹಟಮಾರಿ ರೈತರು. ಅಲ್ಲಿಯವರೆಗೆ ಚೆನ್ನಾಗಿಯೇ ಹೋಯಿತು. ಬಿಳಿ ಹೂವು, ಪೇರ್ ಹಣ್ಣು ಎನ್ನುತ್ತಿದ್ದ ಹಾಗೆ ಶೆಫ್ ಗ್ಲಾಸಿನೊಳಗೆ ಮೂಗು ಹಾಕಿ ಹುಡುಕತೊಡಗಿದ.

"ಪೇರ್? ಎಲ್ಲಿದೆ?" ಎಂದ.

"ಅಕ್ಷಯ್," ಎಂದರು ಮೇಡಂ, "ನೀವು ಇದನ್ನು ಕುಡಿದಿದ್ದೀರಾ?"

"ಇಲ್ಲ ಮೇಡಂ. ಒಂದೇ ಕುಪ್ಪಿ ಇದ್ದದ್ದು."

"ಪ್ರಸಾದ ಕೂಡ ತಗೊಳ್ಳಲಿಲ್ಲವಾ?"

"ಸಿಟ್ಟಿನಲ್ಲಿ ಬಿಟ್ಟು ಬಂದೆ."

"ಎಂತ ಜನ ಮಾರಾಯ್ರೆ ನೀವು! ನೀವೇ ಬಾಯಿಗೆ ಹಾಕದ್ದನ್ನು ನನಗೆ ಕುಡಿಸಿ, ಅದರ ರುಚಿ ಬೇರೆ ಪಾಠ ಮಾಡ್ಲಿಕ್ಕೆ ಬಂದದ್ದಾ?" ಅವರಿಗೆ ನಿಜಕ್ಕೂ ಸಿಟ್ಟು ಬಂದಿತ್ತು. ಶೆಫ್ ಅಷ್ಟರಲ್ಲಿ ಗ್ಲಾಸು ಖಾಲಿ ಮಾಡಿ ಕುಪ್ಪಿಯ ಲೇಬಲ್ ಓದುತ್ತಿದ್ದ. ಮೇಡಂ ಅವನನ್ನು ನೋಡಿ, ನನ್ನನ್ನು ನೋಡಿ, ಸ್ವಲ್ಪ ತಗ್ಗಿದರು. "ವೈನ್ ಒಳ್ಳೆಯದುಂಟು. ಆ ದಿಲ್ಲಿಯ ಹುಡುಗ ತಂದದ್ದಕ್ಕಿಂತ ಒಳ್ಳೆಯದುಂಟು. ಆದರೆ ನೀವು ಹೇಳಿದ್ದು ಇದರ ವಿಷಯ ಅಲ್ಲ. ನಾನು ನಾಳೆ ಹೆಸರು ಕೊಡಬೇಕು. ಇವತ್ತು ಮಲಗುವುದರೊಳಗೆ ಇದರ ಬಗ್ಗೆ ನಿಮ್ಮದೇ ಮಾತು ಏನಾದರೂ ಇದ್ದರೆ ವಾಯ್ಸ್ ಮೆಸೇಜ್ ಹಾಕಿ. ಪೇರ್ ಗೀರ್ ಬೇಡ."

ಎಲ್ಲಿಂದ ತರಲಿ ನನ್ನದೇ ಮಾತು? ಇಡೀ ಮಸ್ಕತ್ತಿನಲ್ಲಿ ಇನ್ನೊಂದು ಹನಿ ತಿಮೊರಾಸ್ಸೊ ಇಲ್ಲ. ಅವರ ಗ್ಲಾಸು ತೊಳೆಯಲು ಹೋದಾಗಲಾದರೂ ಮೂಸಿ ನೋಡೋಣ ಎಂದು ಅಡುಗೆಮನೆಗೆ ಓಡಿದೆ. ಅಷ್ಟರಲ್ಲಿ ಅದು ಮೆಷಿನ್ನಿನೊಳಗೆ ತಿರುಗುತ್ತಿತ್ತು.

ಮನೆಗೆ ಬಂದೆ. ಕರ್ಟನ್ ಸರಿಸಿ ಲೈಟ್ ಹಾಕಿದ್ದರು. ಮಾವ ಹೊರಟುಹೋಗಿದ್ದರು. ಅಮ್ಮನಿಗೆ ನನ್ನ ಮುಖ ನೋಡಿಯೇ ಎಲ್ಲ ಗೊತ್ತಾಯಿತು. ಊಟ ಬೇಡ ಎಂದೆ. ಅವಳು ಒಳಗೆ ಹೋಗಿ ಒಂದು ತಟ್ಟೆ ತಂದು ಮುಂದಿಟ್ಟಳು. ತಟ್ಟೆಯಲ್ಲಿ ಒಂದು ಚಕ್ಕುಲಿ, ಪಕ್ಕದಲ್ಲಿ ಮುಚ್ಚಳ ಮುಚ್ಚಿದ ಸ್ಟೀಲ್ ಲೋಟ.

"ಇದು ಎಂತದು?"

"ನಿನ್ನ ಪಾಲು. ಮನೆಯವರ ಪಾಲು ತೆಗೆದಿಡದೆ ಇರ್ತೇವಾ? ನೀನು ಬೇಡ ಅಂದರೆ ಅದು ನಿನ್ನದಲ್ಲ ಅಂತ ಆಗ್ತದಾ?"

ಮುಚ್ಚಳ ತೆಗೆದೆ. ಲೋಟದ ಅರ್ಧ ಇತ್ತು. ಅಷ್ಟು ಹೊತ್ತು ಈ ಲೋಟ ಈ ಮನೆಯಲ್ಲೇ ಇತ್ತು, ನಾನು ಸಲೂನಿನಿಂದ ಬಂದು ಬೊಬ್ಬೆ ಹೊಡೆಯುವಾಗಲೂ ಬಾಳೆಲೆಯ ಪಕ್ಕದಲ್ಲಿ ಇದೇ ಇತ್ತು. ಒಂದು ಗುಟುಕು, ಬರೀ ಒಂದು ಗುಟುಕು ಕುಡಿದು ಹೋಗಿದ್ದರೆ! ನನ್ನ ಮೇಲೆ ನನಗೇ ಸಿಟ್ಟು ಬಂತು. ಈ ಸಲ ಬೈಯಲು ಅಮ್ಮನ ತಪ್ಪೂ ಇರಲಿಲ್ಲ, ಮಾವನ ತಪ್ಪೂ ಇರಲಿಲ್ಲ, ನನ್ನದೊಂದೇ ಇತ್ತು.

ಮೂಗಿನ ಹತ್ತಿರ ಹಿಡಿದೆ. ಹೂವೂ ಇಲ್ಲ, ಹಣ್ಣೂ ಇಲ್ಲ. ಒಂದು ಗುಟುಕು ಕುಡಿದೆ. ಫೋನ್ ತೆಗೆದು ಬಟನ್ ಒತ್ತಿ ಹಿಡಿದು, ಬಾಯಿಗೆ ಬಂದದ್ದನ್ನು ಬಂದ ಹಾಗೆ ಹೇಳಿದೆ.

"ಮೇಡಂ, ಅಕ್ಷಯ್. ಅಮ್ಮ ನನ್ನ ಪಾಲು ಇಟ್ಟಿದ್ದರು. ಪೇರ್ ಇಲ್ಲ ಮೇಡಂ. ಮೊದಲು ಬರುವುದು ಚಿಮಿಣಿ ಎಣ್ಣೆ. ದೀಪ ಊದಿ ಆರಿಸಿದ ಕೂಡಲೇ ಬರ್ತದಲ್ಲ, ಅದು. ಮತ್ತೆ ಜೇನು ಅಲ್ಲ, ಜೇನು ಹಿಂಡಿ ತೆಗೆದ ಮೇಲೆ ಉಳಿಯುವ ಎರಿ. ಕುಡಿದರೆ ಸಿಹಿಯೇ ಇಲ್ಲ. ನೆಲ್ಲಿಕಾಯಿಯ ಹಾಗೆ ಹುಳಿ, ಮತ್ತೆ ಕಡೆಗೆ ಉಪ್ಪುಪ್ಪು. ನುಂಗಿದ ಮೇಲೂ ಹೋಗುವುದಿಲ್ಲ, ನಾಲಿಗೆಯಲ್ಲಿ ಕೂತೇ ಇರ್ತದೆ, ಹಟ ಮಾಡುವವರ ಹಾಗೆ. ನನಗೆ ಇದು ಗಿರಾಕಿಗೆ ಕೊಡಬೇಕು ಅಂತ ಆಗ್ತದೆ ಮೇಡಂ. ಹಮ್ಮೂರ್ ಮೀನಿನ ಜೊತೆಗೆ. ಐಸಿನಲ್ಲಿ ತುಂಬಾ ಇಡಬಾರದು, ಈ ಲೋಟದಲ್ಲಿ ಬೆಚ್ಚಗಾದದ್ದೇ ಒಳ್ಳೆಯದಾಗಿದೆ—"

ಅಷ್ಟರಲ್ಲಿ ಅಡುಗೆಮನೆಯ ಕಿಟಕಿಯಿಂದ ಅಮ್ಮನ ಧ್ವನಿ, ಕೆಳಗಿನ ಮಹಡಿಗೂ ಕೇಳುವ ಹಾಗೆ: "ಅಜ್ಜಾ, ನನ್ನ ಮಗನಿಗೆ ಆ ಬೀಗದ ಕೈ ಸಿಗ್ಲಿ! ಸಿಕ್ಕಿದರೆ ಇದೇ ಕುಪ್ಪಿ, ಬೇರೆ ಅಲ್ಲ, ಇದೇ ಗುಡ್ಡೆಯದ್ದು, ಪೂರ್ತಿ ಒಂದು ಕುಪ್ಪಿ ಕೊಡ್ತೇನೆ!"

ಗಾಬರಿಯಲ್ಲಿ ಬೆರಳು ಎತ್ತಿದೆ. ಮೆಸೇಜ್ ಹೋಯಿತು. ಅಳಿಸಲು ನೋಡುವಷ್ಟರಲ್ಲಿ ಎರಡೂ ಟಿಕ್ ನೀಲಿಯಾಯಿತು.

"ಅಮ್ಮ!" ಎಂದು ಕಿರುಚಿದೆ. "ಮ್ಯಾನೇಜರಿಗೆ ಹೋಯಿತು ನಿನ್ನ ಹರಕೆ! ಆ ಕುಪ್ಪಿ ಇನ್ನು ಈ ಊರಲ್ಲೇ ಇಲ್ಲ, ಎಲ್ಲಿಂದ ಕೊಡ್ತೀ?"

"ಸಿಕ್ಕಿದ ಮೇಲೆ ನೋಡುವ," ಎಂದಳು ಅಮ್ಮ, ಪಾತ್ರೆ ತೊಳೆಯುತ್ತ.

ಲೋಟ ಖಾಲಿಯಾಗುವವರೆಗೆ ಉತ್ತರವಿಲ್ಲ. ಚಕ್ಕುಲಿ ಮುರಿದು ಬಾಯಿಗೆ ಹಾಕಿದಾಗ ಫೋನ್ ಟಿಣ್ ಎಂದಿತು. ಮೇಡಂ ಧ್ವನಿ. ಹಿಂದಿನಿಂದ ಶೆಫ್ ಏನೋ ಹೇಳುತ್ತಿದ್ದ.

"ಅಕ್ಷಯ್, ಚಿಮಿಣಿ ಎಣ್ಣೆ ಸರಿ. ಶೆಫ್ ಕೂಡ ಅದನ್ನೇ ಹೇಳಿದ್ದು, ಪೆಟ್ರೋಲ್ ಅಂತ. ಇನ್ನು ಅಮ್ಮನಿಗೆ ಹೇಳಿ, ಆ ಕುಪ್ಪಿ ಇಲ್ಲಿ ಸಿಗುವುದಿಲ್ಲ, ಇಟಲಿಯಿಂದಲೇ ತರಿಸಬೇಕು. ತರಿಸುವುದು ಸೆಲ್ಲರಿನವರ ಕೆಲಸ. ನಾಳೆ ಬೇಗ ಬಂದು ಬೀಗದ ಕೈ ತಗೊಂಡು ಆರ್ಡರ್ ಹಾಕಿ. ಅಜ್ಜನದ್ದು ಬಾಕಿ ಇಡಬೇಡಿ ಮಾರಾಯ್ರೆ."

ಎರಡು ಸಲ ಕೇಳಿದೆ. ಕಣ್ಣು ತುಂಬಿ ಬಂತು, ಸುಳ್ಳು ಯಾಕೆ ಹೇಳಬೇಕು. ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತೆ.

"ಸಿಕ್ಕಿತು ಅಮ್ಮ."

"ಗೊತ್ತುಂಟು," ಎಂದಳು, ತಿರುಗಿಯೂ ನೋಡದೆ. "ಆ ಸ್ಕ್ರೂ ಕೋಟಿನ ಕಿಸೆಯಲ್ಲೇ ಇಟ್ಟಿದ್ದೇನೆ. ನಾಳೆ ಬೆಳಿಗ್ಗೆ ಎದ್ದು ನನಗೆ ಬೊಬ್ಬೆ ಹೊಡೆಯಬೇಡ."